ಡೌಲಿನ ಮೇಜು ಹರಾಜಿಗೆ ಬಂದಾಗ

ಎಲ್ಲರಿಗೂ ನಮಸ್ಕಾರ. ಚಿತ್ರ ತೋರಿಸುವ ಮೊದಲು ಒಂದು ದಿನದ ಕತೆ ಹೇಳಿಬಿಡುತ್ತೇನೆ.

2020ರ ಡಿಸೆಂಬರ್ 15. ಕೊರೋನಾ ಕಾಲ. ಲಂಡನ್ನಿನ ಕ್ರಿಸ್ಟೀಸ್ ಹರಾಜು ಮನೆಯಲ್ಲಿ ಹಳೆಯ ಯುರೋಪಿನ ಚಿತ್ರಗಳ ಹರಾಜು. ಅವತ್ತು ಸವಾಲಿಗೆ ಬಂದದ್ದರಲ್ಲಿ ಒಂದು ಭಾರಿ ಗಾತ್ರದ ಚಿತ್ರ. ಯಾನ್ ಡೇವಿಡ್ಸ್ ಡೆ ಹೇಮ್ ಅನ್ನುವ ಡಚ್ ಚಿತ್ರಕಾರ 1643ರಲ್ಲಿ ಬರೆದದ್ದು. ಒಂದು ಮೇಜು, ಅದರ ಮೇಲೆ ಭರ್ಜರಿ ಭೋಜನ, ಅಷ್ಟೇ. ಮನುಷ್ಯರು ಯಾರೂ ಇಲ್ಲ. 40ರಿಂದ 60 ಲಕ್ಷ ಪೌಂಡ್ ಬರಬಹುದು ಅಂತ ಹರಾಜು ಮನೆಯವರು ಮೊದಲೇ ಅಂದಾಜು ಕಟ್ಟಿದ್ದರು. ಸುತ್ತಿಗೆ ಬಿದ್ದದ್ದು 48 ಲಕ್ಷಕ್ಕೆ. ಆದರೆ ದಾಖಲೆಯಲ್ಲಿ ಕಾಣುವ ಬೆಲೆ 57 ಲಕ್ಷ 66 ಸಾವಿರ ಪೌಂಡ್. ಆಗಿನ ಲೆಕ್ಕದಲ್ಲಿ ಸುಮಾರು 57 ಕೋಟಿ ರೂಪಾಯಿ.

ಮಧ್ಯದ ಒಂಬತ್ತೂವರೆ ಲಕ್ಷ ಚಿಲ್ಲರೆ ಎಲ್ಲಿಂದ ಬಂತು? ಅದು ಹರಾಜು ಮನೆಯ ಕಮಿಷನ್. ಮಂಡಿ ವ್ಯಾಪಾರ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಕೊಳ್ಳುವವರ ಮೇಲೂ ಕಮಿಷನ್ ಬೀಳುತ್ತದೆ, ಬೆಲೆ ಏರಿದ ಹಾಗೆ ಅದರ ದರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಅಂದಾಜು ಬೆಲೆಯಲ್ಲಿ ಈ ಕಮಿಷನ್ ಸೇರಿರುವುದಿಲ್ಲ, ಆಮೇಲೆ ಪ್ರಕಟವಾಗುವ ಬೆಲೆಯಲ್ಲಿ ಸೇರಿರುತ್ತದೆ. ಹಾಗಾಗಿ 57 ಲಕ್ಷ ಅಂತ ಓದಿದವರು ಅಂದಾಜಿನ ತುದಿ ಮುಟ್ಟಿತಲ್ಲ ಅಂದುಕೊಳ್ಳುತ್ತಾರೆ. ನಿಜವಾದ ಸವಾಲು ನಿಂತದ್ದು ಅಂದಾಜಿನ ನಡುಮಧ್ಯಕ್ಕಿಂತ ಸ್ವಲ್ಪ ಕೆಳಗೆ. ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಹರಾಜಿನ ಸುದ್ದಿಯಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಬೆಲೆ ಮಾತ್ರ. ನನಗೆ ಇವತ್ತು ಸಣ್ಣ ಅಕ್ಷರದಲ್ಲಿ ಇರುವುದನ್ನು ಓದುವ ಆಸೆ.

ನಮ್ಮ ಭಾಷೆಯಲ್ಲಿ ಹರಾಜು ಅಂದರೆ ಅಷ್ಟು ಒಳ್ಳೆಯ ಮಾತಲ್ಲ. ಮಾನ ಹರಾಜಾಯ್ತು ಅಂತೀವಿ. ಮನೆ ಹರಾಜಿಗೆ ಬಂತು ಅಂದರೆ ಮುಳುಗಿತು ಅಂತಲೇ ಅರ್ಥ. 17ನೇ ಶತಮಾನದ ಹಾಲೆಂಡಿನಲ್ಲೂ ಎಷ್ಟೋ ಚಿತ್ರಗಳು ಹರಾಜಿಗೆ ಬಂದದ್ದು ಹಾಗೇ. ಮನೆ ಯಜಮಾನ ಸತ್ತ, ಸಾಲ ಉಳಿಯಿತು, ಮಕ್ಕಳು ಸಣ್ಣವರು. ದೊಡ್ಡ ಡಚ್ ಚಿತ್ರಕಾರ ರೆಂಬ್ರಾಂಟ್‌ಗೂ ಇದೇ ಆಯಿತು. 1656ರಲ್ಲಿ ಅವನು ದಿವಾಳಿಯಾದಾಗ ಅಧಿಕಾರಿಗಳು ಮನೆಯ ಒಂದೊಂದು ಸಾಮಾನನ್ನೂ ಪಟ್ಟಿ ಮಾಡಿಕೊಂಡರು. 363 ಬಾಬತ್ತು. ಆಮೇಲೆ ಎಲ್ಲವನ್ನೂ ಮಾರಿದರು. ಅವನ ಮನೆಯಲ್ಲಿ ಏನೇನಿತ್ತು ಅಂತ ಇವತ್ತು ನಮಗೆ ಗೊತ್ತಿರುವುದು ಆ ಕಷ್ಟದ ಪಟ್ಟಿಯಿಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ಚಿತ್ರಕ್ಕೆ ಬರೋಣ. ಇಂಥ ಚಿತ್ರವನ್ನು ಡಚ್ಚರು ಪ್ರೊಂಕ್ ಚಿತ್ರ ಅನ್ನುತ್ತಾರೆ. ಪ್ರೊಂಕ್ ಅಂದರೆ ಡೌಲು, ಶೋಕಿ, ತೋರಿಸಿಕೊಂಡು ಮೆರೆಯುವುದು. ನಾವು ಶಾಲೆಯ ಡ್ರಾಯಿಂಗ್ ಕ್ಲಾಸಿನಲ್ಲಿ ವಸ್ತುಚಿತ್ರ ಬರೆದಿದ್ದೇವಲ್ಲ, ಒಂದು ತಂಬಿಗೆ, ಎರಡು ಬಾಳೆಹಣ್ಣು, ಒಂದು ಮಡಿಸಿದ ಟವೆಲ್ಲು? ಅದೇ ಜಾತಿ, ಆದರೆ ಅರಮನೆಯ ಗಾತ್ರದಲ್ಲಿ. ಡೆ ಹೇಮ್ 1640ರಿಂದ 1643ರವರೆಗೆ, ವರ್ಷಕ್ಕೊಂದರಂತೆ, ಇಂಥ ನಾಲ್ಕು ಭಾರಿ ಚಿತ್ರ ಬರೆದ. ಮೊದಲನೆಯದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ, ಒಂದೂವರೆ ಮೀಟರ್ ಎತ್ತರ. ಫ್ರಾನ್ಸಿನ ದೊರೆ 14ನೇ ಲೂಯಿಯ ಸಂಗ್ರಹದಲ್ಲಿ ಇದ್ದದ್ದು. ಎರಡನೆಯದು ಬ್ರಸೆಲ್ಸ್ ನಗರದ ಮ್ಯೂಸಿಯಂನಲ್ಲಿದೆ. 2020ರಲ್ಲಿ ಸವಾಲಿಗೆ ಬಂದದ್ದು ನಾಲ್ಕನೆಯದು.

ಲೂವ್ರ್‌ನ ಆ ಚಿತ್ರದ ಮುಂದೆ ನಾನು ಒಂದು ಮಧ್ಯಾಹ್ನ ತುಂಬಾ ಹೊತ್ತು ನಿಂತಿದ್ದೆ. ಹಣ್ಣಿನ ರಾಶಿ, ಗಾಜಿನ ಲೋಟಗಳು, ಬೆಳ್ಳಿ ತಟ್ಟೆ, ಮುದುಡಿದ ಬಿಳಿ ಬಟ್ಟೆ, ಪಕ್ಕದಲ್ಲಿ ಒರಗಿಸಿಟ್ಟ ಲೂಟ್ ಅನ್ನುವ ತಂತಿವಾದ್ಯ. ಎಲ್ಲ ಈಗಷ್ಟೇ ಯಾರೋ ಎದ್ದು ಹೋದ ಹಾಗೆ. ಜನ ಮೋನಾಲಿಸಾ ಕಡೆಗೆ ಓಡುತ್ತಿದ್ದರು. ನನಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಹಾಗೆ ನಿಂತವರಲ್ಲಿ ಫ್ರೆಂಚ್ ಚಿತ್ರಕಾರ ಮಾತೀಸ್ ಕೂಡ ಒಬ್ಬ. 1893ರಲ್ಲಿ, ಇನ್ನೂ ಕಲಿಯುವ ಹುಡುಗನಾಗಿದ್ದಾಗ, ಆತ ಲೂವ್ರ್‌ನಲ್ಲಿ ಕೂತು ಈ ಚಿತ್ರವನ್ನು ನಕಲು ಮಾಡಿದ. ಇಪ್ಪತ್ತೆರಡು ವರ್ಷ ಆದ ಮೇಲೆ, 1915ರಲ್ಲಿ, ಮೊದಲನೆಯ ಮಹಾಯುದ್ಧದ ಮಧ್ಯೆ ಅದೇ ಮೇಜನ್ನು ಮತ್ತೆ ಬರೆದ. ಈ ಸಲ ತುಂಡು ತುಂಡಾದ ಆಕಾರಗಳಲ್ಲಿ, ಮೂಲಕ್ಕಿಂತ ದೊಡ್ಡದಾಗಿ. ಅದು ಈಗ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ.

ಡೆ ಹೇಮ್ ಹುಟ್ಟಿದ್ದು 1606ರಲ್ಲಿ, ಹಾಲೆಂಡಿನ ಯುಟ್ರೆಕ್ಟ್‌ನಲ್ಲಿ. ಆದರೆ ಈ ನಾಲ್ಕೂ ಚಿತ್ರ ಬರೆದದ್ದು ಆಂಟ್ವರ್ಪ್‌ನಲ್ಲಿ. ಆಂಟ್ವರ್ಪ್ ಆಗ ಸ್ಪೇನ್ ದೊರೆಯ ಕೈಯಲ್ಲಿತ್ತು. ಡಚ್ಚರಿಗೂ ಸ್ಪೇನಿಗೂ ಇನ್ನೂ ಯುದ್ಧ ನಡೆಯುತ್ತಿದ್ದ ಕಾಲ, ಅದು ನಿಂತದ್ದು 1648ರಲ್ಲಿ. ವೈರಿಗಳ ಊರಿಗೆ ಹೋಗಿ ನೆಲೆಸಿದ್ದು ಯಾಕೆ? ಅದೇ ಕಾಲದ ಜರ್ಮನ್ ಚಿತ್ರಕಾರ ಸಾಂಡ್ರಾರ್ಟ್ ಒಂದು ಕಾರಣ ಬರೆದಿಟ್ಟಿದ್ದಾನೆ. ಆಂಟ್ವರ್ಪ್‌ನಲ್ಲಿ ಹಣ್ಣು ಚೆನ್ನಾಗಿ ಸಿಗುತ್ತಿತ್ತಂತೆ. ದಪ್ಪ ಪ್ಲಮ್ಮು, ಪೀಚು, ಚೆರಿ, ಕಿತ್ತಳೆ, ನಿಂಬೆ, ದ್ರಾಕ್ಷಿ, ಒಳ್ಳೆ ಹದಕ್ಕೆ ಮಾಗಿದ್ದು, ಎದುರಿಗಿಟ್ಟುಕೊಂಡು ಬರೆಯುವುದಕ್ಕೆ. ಊರು ಬಿಡಲು ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಆ ದ್ರಾಕ್ಷಿಗಳ ಮೇಲಿನ ಬೂದಿಯಂಥ ತೆಳು ಪರೆಯನ್ನು ಅವನು ಬರೆದಿರುವ ರೀತಿ ನೋಡಿದರೆ, ಸಾಂಡ್ರಾರ್ಟ್ ಮಾತನ್ನು ನಾನು ನಂಬುತ್ತೇನೆ.

ಮೇಜಿನ ಮೇಲಿನ ಸಾಮಾನಿಗೆ ಬರೋಣ. ನನಗೆ ತುಂಬಾ ಇಷ್ಟದ ಭಾಗ ಇದು. ಇಂಥ ಡಚ್ ಚಿತ್ರಗಳಲ್ಲಿ ಕಾಣುವ ಎಷ್ಟೋ ಸಾಮಾನು ಆ ಮೇಜಿಗೆ ಬರುವ ಮೊದಲೇ ಒಂದು ಹರಾಜು ಕಂಡಿರುತ್ತಿತ್ತು.

ನೀಲಿ-ಬಿಳಿ ಚೀನೀ ಪಿಂಗಾಣಿ ತಗೊಳ್ಳಿ. 1603ರ ಫೆಬ್ರವರಿಯಲ್ಲಿ ಸಿಂಗಾಪುರದ ಹತ್ತಿರ ಡಚ್ಚರು ಸಾಂತಾ ಕತರೀನಾ ಅನ್ನುವ ಪೋರ್ಚುಗೀಸ್ ಹಡಗನ್ನು ಹಿಡಿದರು. ನೇರ ಮಾತಲ್ಲಿ ಹೇಳಿದರೆ ದೋಚಿದರು. ಅದರಲ್ಲಿ ರೇಷ್ಮೆ ಇತ್ತು, ಸುಮಾರು ಒಂದು ಲಕ್ಷ ಪಿಂಗಾಣಿ ಪಾತ್ರೆ ಇತ್ತು. 1604ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಲ್ಲವನ್ನೂ ಹರಾಜು ಹಾಕಿದರು. 30 ಲಕ್ಷ ಗಿಲ್ಡರ್‌ಗೂ ಮೀರಿ ದುಡ್ಡು ಬಂತು, ಗಿಲ್ಡರ್ ಅಂದರೆ ಆಗಿನ ಡಚ್ ನಾಣ್ಯ. ಡಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾದಾಗ ಒಟ್ಟು ಹಾಕಿದ ಬಂಡವಾಳವೇ 64 ಲಕ್ಷ ಚಿಲ್ಲರೆ ಗಿಲ್ಡರ್, ಅಂದರೆ ಒಂದೇ ಹಡಗು ಅದರ ಅರ್ಧದಷ್ಟು ತಂದುಕೊಟ್ಟಿತು. ಫ್ರಾನ್ಸಿನ ದೊರೆ ಕೂಡ ಪಿಂಗಾಣಿ ಕೊಂಡ. ಆಮೇಲೆ ಹಾಲೆಂಡಿನ ಅನುಕೂಲಸ್ಥರ ಮನೆಗಳಿಗೆಲ್ಲ ಈ ಪಾತ್ರೆಯ ಹುಚ್ಚು ಹತ್ತಿತು. ಅದಕ್ಕೆ ಅವರು ಇಟ್ಟ ಹೆಸರು ಕ್ರಾಕ್. ಪೋರ್ಚುಗೀಸರ ಆ ಜಾತಿಯ ಹಡಗಿನ ಹೆಸರೇ ಪಾತ್ರೆಗೂ ಅಂಟಿಕೊಂಡಿದೆ ಅನ್ನುತ್ತಾರೆ. ಚಿತ್ರದಲ್ಲಿ ಆ ಬಟ್ಟಲು ಎಷ್ಟು ತಣ್ಣಗೆ, ಎಷ್ಟು ಶಾಂತವಾಗಿ ಕೂತಿರುತ್ತದೆ ಅಂದರೆ, ಅದರ ಹಿಂದೆ ಒಂದು ಸಮುದ್ರದ ಲೂಟಿ ಇದೆ ಅಂತ ಅನ್ನಿಸುವುದೇ ಇಲ್ಲ.

ಮೆಣಸಿನ ವಿಷಯ ನಮಗೆ ಇನ್ನೂ ಹತ್ತಿರದ್ದು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿ ಪೀಟರ್ ಕ್ಲಾಸ್ ಅನ್ನುವ ಚಿತ್ರಕಾರ 1627ರಲ್ಲಿ ಬರೆದ ಒಂದು ಮೇಜಿನ ಚಿತ್ರ ಇದೆ. ಟರ್ಕಿ ಕೋಳಿಯ ಪೈ, ನಾಟಿಲಸ್ ಅನ್ನುವ ಕಡಲಜೀವಿಯ ಚಿಪ್ಪಿನಿಂದ ಮಾಡಿದ ಲೋಟ, ಚೀನೀ ಬಟ್ಟಲಲ್ಲಿ ಹಣ್ಣು. ಅದರ ಮಧ್ಯೆ ಒಂದು ಕಾಗದದ ಪೊಟ್ಟಣ. ಪಂಚಾಂಗದ ಹಾಳೆ ಹರಿದು ಸುತ್ತಿದ ಪೊಟ್ಟಣ, ನಮ್ಮಲ್ಲಿ ಕಡಲೆಕಾಯಿ ಕಟ್ಟಿಕೊಡುತ್ತಾರಲ್ಲ, ಥೇಟ್ ಹಾಗೇ. ಒಳಗಿರುವುದು ಕಾಳುಮೆಣಸು. ಆ ಕಾಲದಲ್ಲಿ ಮೆಣಸು ಜಾವಾ, ಸುಮಾತ್ರಾ ಕಡೆಯಿಂದಲೂ ಹೋಗುತ್ತಿತ್ತು, ನಮ್ಮ ಪಶ್ಚಿಮ ಕರಾವಳಿಯಿಂದಲೂ ಹೋಗುತ್ತಿತ್ತು. ಮುಂದೆ ಕೆಳದಿ ನಾಯಕರ ಕಾಲದಲ್ಲಿ ಕುಂದಾಪುರದ ಹತ್ತಿರದ ಬಸರೂರಿನಲ್ಲಿ ಡಚ್ ಕಂಪನಿಯ ಕೋಠಿ ಇತ್ತು, ಅಕ್ಕಿ ಮತ್ತು ಮೆಣಸಿನ ವ್ಯಾಪಾರಕ್ಕೆ. ಇವತ್ತು ಬಸರೂರಿಗೆ ಹೋದರೆ ದೇವಸ್ಥಾನಗಳಿವೆ, ನದಿ ಇದೆ. ಅಲ್ಲಿ ನಿಂತಾಗ ನನಗೆ ಆ ಪೊಟ್ಟಣ ನೆನಪಾಗದೆ ಇರಲಿಲ್ಲ.

ಇನ್ನು ಹೂವು. 1637ರ ಫೆಬ್ರವರಿ 5ರಂದು ಆಲ್ಕ್‌ಮಾರ್ ಅನ್ನುವ ಊರಲ್ಲಿ ಟ್ಯೂಲಿಪ್ ಗೆಡ್ಡೆಗಳ ಹರಾಜು ನಡೆಯಿತು. ವೌಟರ್ ವಿಂಕೆಲ್ ಅನ್ನುವ ಹೋಟೆಲಿನವನು ತೀರಿಕೊಂಡಿದ್ದ, ಅವನ ತಬ್ಬಲಿ ಮಕ್ಕಳ ಸಲುವಾಗಿ ಅವನ ಗೆಡ್ಡೆಗಳನ್ನು ಮಾರಿದರು. ಒಟ್ಟು ಸುಮಾರು 90,000 ಗಿಲ್ಡರ್ ಕೂಗಿದರು. ವೈಸ್‌ರಾಯ್ ಅನ್ನುವ ಜಾತಿಯ ಒಂದು ಗೆಡ್ಡೆಗೆ 4,203 ಗಿಲ್ಡರ್. ಕಸುಬು ಗೊತ್ತಿದ್ದ ಬಡಗಿಯೊಬ್ಬ ವರ್ಷವಿಡೀ ದುಡಿದರೆ ಸುಮಾರು 300 ಗಿಲ್ಡರ್ ಸಿಗುತ್ತಿದ್ದ ಕಾಲ ಅದು. ಮನಸ್ಸಿಗೆ ತಟ್ಟುವ ಸಂಗತಿ ಅಂದರೆ, ಅದಕ್ಕೆ ಎರಡು ದಿನ ಮುಂಚೆಯೇ ಹಾರ್ಲೆಮ್‌ನಲ್ಲಿ ಕೊಳ್ಳುವವರು ಹಿಂದೆ ಸರಿದಿದ್ದರು, ಬೆಲೆ ಬೀಳುವುದಕ್ಕೆ ಶುರುವಾಗಿತ್ತು. ಒಂದು ಹೂವಿನ ಚಿತ್ರ ಕೊಂಡರೆ ಆ ಹೂವಿಗಿಂತ ಎಷ್ಟೋ ಪಾಲು ಅಗ್ಗ ಆಗುತ್ತಿತ್ತು. ಈಗ ಲೆಕ್ಕ ಪೂರ್ತಿ ಉಲ್ಟಾ.

ಡಚ್ಚರ ಹರಾಜಿನ ಒಂದು ರೀತಿ ನಮ್ಮ ಬೆಂಗಳೂರಿಗೂ ಬಂದಿದೆ, ಗೊತ್ತಾ? ನಮ್ಮ ಹರಾಜಿನಲ್ಲಿ ಸವಾಲು ಏರುತ್ತಾ ಹೋಗುತ್ತದೆ, ಒಂದು ಸಲ, ಎರಡು ಸಲ, ಮೂರು ಸಲ. ಡಚ್ ರೀತಿಯಲ್ಲಿ ಬೆಲೆ ಮೇಲಿನಿಂದ ಇಳಿಯುತ್ತಾ ಬರುತ್ತದೆ, ಮೊದಲು ಯಾರು ನಿಲ್ಲಿಸುತ್ತಾರೋ ಅವರಿಗೆ ಮಾಲು. ಹಾಲೆಂಡಿನ ಆಲ್ಸ್‌ಮೇರ್‌ನಲ್ಲಿ ಹೂವು ಮಾರುವುದು ಹೀಗೇ, ದೊಡ್ಡ ಗಡಿಯಾರ ಇಟ್ಟುಕೊಂಡು. ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ಗುಲಾಬಿ ಮಾರುವುದೂ ಇದೇ ಪದ್ಧತಿಯಲ್ಲಿ. ಲಂಡನ್ನಿನಲ್ಲಿ ಡೆ ಹೇಮ್ ಚಿತ್ರ ಮಾರಿದ್ದು ಮಾತ್ರ ಏರುವ ಸವಾಲಿನಲ್ಲಿ.

ಸರಿ, ಸಣ್ಣ ಅಕ್ಷರ ಅಂದೆನಲ್ಲ. ಹರಾಜಿನ ಕ್ಯಾಟಲಾಗಿನಲ್ಲಿ ಚಿತ್ರದ ಅಳತೆ, ಸಹಿ, ತಾರೀಕು ಆದ ಮೇಲೆ ಒಂದು ಪಟ್ಟಿ ಇರುತ್ತದೆ. ಈ ಚಿತ್ರ ಯಾರ ಮನೆಯಲ್ಲಿತ್ತು, ಯಾವ ವರ್ಷ ಯಾವ ಊರಲ್ಲಿ ಮಾರಾಟವಾಯಿತು, ಯಾರು ಕೊಂಡರು. ಜಮೀನಿಗೆ ಪಹಣಿ, ಮೂಲಪತ್ರ ಇದ್ದ ಹಾಗೆ. ಮೂಲಪತ್ರ ಸರಿ ಇಲ್ಲದ ಜಾಗ ಎಷ್ಟೇ ಚೆನ್ನಾಗಿದ್ದರೂ ಕೊಳ್ಳಲು ಹೆದರುತ್ತೇವೆ, ಅಲ್ವಾ? ಇಲ್ಲೂ ಹಾಗೇ.

ಡಚ್ಚರು ಈ ವಿಷಯದಲ್ಲಿ ಪುಣ್ಯ ಕಟ್ಟಿಕೊಂಡಿದ್ದಾರೆ. 1752ರಲ್ಲಿ ಹೆರಾರ್ಡ್ ಹೂಟ್ ಅನ್ನುವವನು ಅಲ್ಲಿಯವರೆಗೆ ನಡೆದ ಚಿತ್ರ ಹರಾಜುಗಳ ಕ್ಯಾಟಲಾಗುಗಳನ್ನು, ಬಂದ ಬೆಲೆಯ ಸಮೇತ, ಒಟ್ಟು ಮಾಡಿ ಎರಡು ಸಂಪುಟ ಅಚ್ಚು ಹಾಕಿಸಿದ. 20ನೇ ಶತಮಾನದಲ್ಲಿ ಫ್ರಿಟ್ಸ್ ಲುಕ್ಟ್ ಅನ್ನುವವರು 1600ರಿಂದ ಹಿಡಿದು ಯುರೋಪಿನ ಹರಾಜು ಕ್ಯಾಟಲಾಗುಗಳನ್ನೆಲ್ಲ ಹುಡುಕಿ, ಒಂದೊಂದಕ್ಕೂ ನಂಬರ್ ಕೊಟ್ಟರು. ಇವತ್ತಿಗೂ ಈ ಕೆಲಸ ಮಾಡುವವರು ಆ ನಂಬರ್ ಹೇಳಿಯೇ ಮಾತಾಡುವುದು. ಎಷ್ಟು ಜನ್ಮದ ತಾಳ್ಮೆ ಬೇಕು ನೋಡಿ ಇದಕ್ಕೆ. ನನಗೆ ಆ ಚಿತ್ರಕಾರರಷ್ಟೇ ಈ ಪಟ್ಟಿ ಬರೆದವರ ಮೇಲೂ ಗೌರವ.

ಆದರೂ ಗುರುತು ಹಿಡಿಯುವುದು ಸುಲಭ ಅಲ್ಲ. ಹಳೆಯ ಕ್ಯಾಟಲಾಗುಗಳಲ್ಲಿ 'ಡೆ ಹೇಮ್ ಬರೆದ ಒಂದು ಹಣ್ಣಿನ ಚಿತ್ರ' ಅಂತ ಇದ್ದರೆ ಅದೇ ಜಾಸ್ತಿ. ಯಾವ ಡೆ ಹೇಮ್? ಅಪ್ಪ ಯಾನ್ ಚಿತ್ರಕಾರ, ಮಗ ಕಾರ್ನೆಲಿಸ್ ಚಿತ್ರಕಾರ, ಮನೆತನವೇ ಇದೇ ಕಸುಬಿನದು. ಹಣ್ಣೂ ಅದೇ, ನಿಂಬೆ ಸಿಪ್ಪೆ ಸುರುಳಿ ಬಿಟ್ಟಿರುವುದೂ ಅದೇ. ಆಗ ಸಹಾಯಕ್ಕೆ ಬರುವುದು ಅಳತೆ ಮತ್ತು ಬೆಲೆ. ಎರಡು ಮೀಟರ್ ಅಗಲದ ಚಿತ್ರ ಎಷ್ಟು ತಾನೇ ಇರುತ್ತವೆ? ದೊಡ್ಡ ಬೆಲೆಗೆ ಹೋದ ದೊಡ್ಡ ಅಳತೆಯ ಚಿತ್ರ ಅಂದರೆ ಹುಡುಕುವವರ ಕಿವಿ ನೆಟ್ಟಗಾಗುತ್ತದೆ. ಬೆಲೆಗೆ ಇಂಥದ್ದೊಂದು ಉಪಯೋಗ ಇದೆ ಅಂತ ನಾನು ಈ ವಿಷಯ ಓದಲು ಶುರುಮಾಡಿದಾಗ ಅಂದುಕೊಂಡಿರಲಿಲ್ಲ.

ಈ ಪಟ್ಟಿಯಲ್ಲಿ ಎಲ್ಲರೂ ಮೊದಲು ನೋಡುವ ಜಾಗ ಒಂದಿದೆ. 1933ರಿಂದ 1945, ಜರ್ಮನಿಯಲ್ಲಿ ನಾಜಿಗಳು ಆಳಿದ ಕಾಲ. ಅಲ್ಲಿ ಖಾಲಿ ಬಿಟ್ಟಿದ್ದರೆ ಎದೆ ಸ್ವಲ್ಪ ಧಸಕ್ಕೆನ್ನುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜಾಕ್ ಗೌಡ್‌ಸ್ಟಿಕರ್ ಅಂತ ಯಹೂದಿ ಚಿತ್ರ ವ್ಯಾಪಾರಿ ಇದ್ದರು. ಹಳೆಯ ಡಚ್ ಚಿತ್ರಗಳ ದೊಡ್ಡ ವ್ಯಾಪಾರಿ. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ನುಗ್ಗಿದಾಗ ಹೆಂಡತಿ ಮತ್ತು ಎಳೆಯ ಮಗುವಿನ ಜೊತೆ ಹಡಗು ಹತ್ತಿದರು. 16ನೇ ತಾರೀಕು ರಾತ್ರಿಯ ಕತ್ತಲೆಯಲ್ಲಿ ಹಡಗಿನ ತೆರೆದ ಕಿಂಡಿಯೊಳಗೆ ಬಿದ್ದು ತೀರಿಕೊಂಡರು. ಅವರ ಜೇಬಿನಲ್ಲಿ ಒಂದು ಸಣ್ಣ ಕಪ್ಪು ನೋಟ್‌ಬುಕ್ ಸಿಕ್ಕಿತು. ಅದರಲ್ಲಿ 1,113 ಚಿತ್ರಗಳ ಪಟ್ಟಿ. ಬಿಟ್ಟು ಬಂದ ಸಂಗ್ರಹದ ಬಹುಪಾಲು ನಾಜಿ ನಾಯಕ ಗೋರಿಂಗ್ ಪಾಲಾಯಿತು, ಕಾಗದದ ಮೇಲೆ ಅದು 'ಮಾರಾಟ'. ಯುದ್ಧ ಮುಗಿದ ಮೇಲೆ ಹಾಲೆಂಡಿಗೆ ವಾಪಸ್ ಬಂದ ಚಿತ್ರಗಳು ಮನೆಯವರಿಗೆ ಸಿಗಲಿಲ್ಲ, ಸರ್ಕಾರದ ಮ್ಯೂಸಿಯಂಗಳಲ್ಲೇ ಉಳಿದವು. 2006ರಲ್ಲಿ ಡಚ್ ಸರ್ಕಾರ 202 ಚಿತ್ರಗಳನ್ನು ಅವರ ವಾರಸುದಾರರಿಗೆ ಹಿಂದಕ್ಕೆ ಕೊಟ್ಟಿತು. ಅದರಲ್ಲಿ ಹಲವು 2007ರಲ್ಲಿ ಹರಾಜಿಗೆ ಬಂದವು. ಆ ಕಪ್ಪು ಪುಸ್ತಕ ಇಲ್ಲದಿದ್ದರೆ ಏನಾಗುತ್ತಿತ್ತು ಯೋಚಿಸಿ. ಆಗ ರೆಂಬ್ರಾಂಟ್ ಮನೆಯ ಪಟ್ಟಿ ನೆನಪಿಟ್ಟುಕೊಳ್ಳಿ ಅಂದಿದ್ದೆ, ಅದಕ್ಕೇ. ಅದು ಸಾಲ ಕೊಟ್ಟವರಿಗಾಗಿ ಬರೆದ ಪಟ್ಟಿ. ಇದು ಒಬ್ಬ ಮನುಷ್ಯ ಓಡಿಹೋಗುವಾಗಲೂ ಕೈಬಿಡದೆ ಇಟ್ಟುಕೊಂಡ ಪಟ್ಟಿ.

ಹರಾಜಿಗೆ ಬರಲಾಗದ ಚಿತ್ರದ ಕತೆಯೂ ಒಂದಿದೆ. ಯಾನ್ ವಾನ್ ಹೌಸಮ್ ಅನ್ನುವ ಡಚ್ ಚಿತ್ರಕಾರ ಬರೆದ ಹೂದಾನಿಯ ಒಂದು ಸಣ್ಣ ಚಿತ್ರ, 1824ರಿಂದ ಫ್ಲಾರೆನ್ಸ್‌ನ ಪಿಟ್ಟಿ ಅರಮನೆಯ ಸಂಗ್ರಹದಲ್ಲಿ ಇದ್ದದ್ದು. ಎರಡನೆಯ ಮಹಾಯುದ್ಧದಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನಿಕರ ಕೈಗೆ ಸಿಕ್ಕಿ ಕಾಣೆಯಾಯಿತು. ಇಟ್ಟುಕೊಂಡವರು ಅದನ್ನು ಬಹಿರಂಗವಾಗಿ ಮಾರುವಂತಿರಲಿಲ್ಲ, ಹಾಗಾಗಿ ಮಧ್ಯವರ್ತಿಗಳ ಮೂಲಕ ದುಡ್ಡು ಕೇಳುತ್ತಿದ್ದರು. 2019ರ ಜನವರಿಯಲ್ಲಿ ಮ್ಯೂಸಿಯಂನ ನಿರ್ದೇಶಕ ಐಕೆ ಶ್ಮಿಟ್, ಸ್ವತಃ ಜರ್ಮನ್ನರು, ಆ ಚಿತ್ರ ಇದ್ದ ಗೋಡೆಯ ಮೇಲೆ ಅದರ ಕಪ್ಪುಬಿಳುಪು ಫೋಟೋ ಹಾಕಿಸಿ 'ಕದ್ದದ್ದು' ಅಂತ ಮೂರು ಭಾಷೆಯಲ್ಲಿ ಬರೆಸಿದರು. ಆ ವರ್ಷ ಜುಲೈನಲ್ಲಿ ಚಿತ್ರ ಮನೆಗೆ ಬಂತು.

ಅವತ್ತಿನ ನನ್ನ ಮಾತು ಇಲ್ಲಿಗೆ ಮುಗಿಯಿತು. ಆಮೇಲೆ ಸಭೆಯಿಂದ ಬಂದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ. ಮೊದಲು ದುಡ್ಡಿನದು. ಒಬ್ಬರು ಎದ್ದು ನಿಂತು ನೇರವಾಗಿ ಕೇಳಿದರು: ಸರ್, ಇದೆಲ್ಲ ಶ್ರೀಮಂತರು ದುಡ್ಡು ಬೆಳೆಸುವ ಆಟ ಅಲ್ವಾ? ನ್ಯಾಯವಾದ ಪ್ರಶ್ನೆ. ದುಡ್ಡು ಬೆಳೆಯುತ್ತದೆ ಅಂತ ಕೊಳ್ಳುವವರು ಇದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ. 1988ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಡೆ ಹೇಮ್‌ನ ಇನ್ನೊಂದು ದೊಡ್ಡ ಚಿತ್ರ 66 ಲಕ್ಷ ಡಾಲರಿಗೆ ಹೋಯಿತು. 2020ರಲ್ಲಿ ಬಂದ 57.66 ಲಕ್ಷ ಪೌಂಡ್ ಅಂದರೆ ಹತ್ತಿರ ಹತ್ತಿರ 77 ಲಕ್ಷ ಡಾಲರ್. ಈ 32 ವರ್ಷದಲ್ಲಿ ಅಮೆರಿಕದಲ್ಲಿ ಸಾಮಾನಿನ ಬೆಲೆ ಎರಡು ಪಟ್ಟಿಗಿಂತ ಜಾಸ್ತಿ ಏರಿದೆ. ಅಂದರೆ ಆ 66 ಲಕ್ಷ 2020ರ ದುಡ್ಡಲ್ಲಿ ಒಂದೂವರೆ ಕೋಟಿ ಡಾಲರಿನ ಹತ್ತಿರ. ಎರಡೂ ಬೇರೆ ಬೇರೆ ಚಿತ್ರ, ನಿಜ. ಆದರೂ ದೊಡ್ಡ ಡೆ ಹೇಮ್ ಒಂದರ ನಿಜವಾದ ಬೆಲೆ ಅರ್ಧಕ್ಕೆ ಇಳಿದ ಹಾಗೆ ಆಯಿತು. ದುಡ್ಡು ಬೆಳೆಸುವುದೇ ಆಸೆಯಾಗಿದ್ದರೆ ಸುಮ್ನೆ ಒಂದು ಸೈಟು ಕೊಳ್ಳಬಹುದಿತ್ತು. ಬೇರೆ ಏನೋ ಸೆಳೆತ ಇದೆ ಅಂತಲೇ ನನ್ನ ನಂಬಿಕೆ.

ಮತ್ತೊಬ್ಬರು, ಅವರೂ ಚಿತ್ರ ಬರೆಯುವವರು, ಬಣ್ಣ ಹೇಗೆ ಉಳಿಯಿತು ಅಂತ ಕೇಳಿದರು. ಎಲ್ಲ ಉಳಿದಿಲ್ಲ. ಆಗಿನವರು ಹಳದಿಗೆ ಹರಿದಳ ಬಳಸುತ್ತಿದ್ದರು, ನಮ್ಮಲ್ಲೂ ಹಳಬರಿಗೆ ಗೊತ್ತಿದ್ದ ಬಣ್ಣ, ಆರ್ಸೆನಿಕ್ ಇರುವ ಖನಿಜ. ಬೆಳಕು ಬಿದ್ದು ಬಿದ್ದು ಅದು ಕೆಡುತ್ತದೆ. ಡೆ ಹೇಮ್‌ನ ಶಿಷ್ಯ ಆಬ್ರಹಾಂ ಮಿಗ್ನನ್ ಬರೆದ ಒಂದು ಹಳದಿ ಗುಲಾಬಿ ರೈಕ್ಸ್ ಮ್ಯೂಸಿಯಂನಲ್ಲಿದೆ, ಈಗ ನೋಡಿದರೆ ಚಪ್ಪಟೆ, ಎಸಳಿನ ನೆರಳು-ಬೆಳಕು ಎಲ್ಲ ಹೋಗಿದೆ. ಎಕ್ಸ್‌ರೇ ಹಾಯಿಸಿ ನೋಡಿದಾಗ ಅವನು ಎಳೆ ಎಳೆಯಾಗಿ ಬರೆದಿದ್ದ ಎಸಳುಗಳು ಕಂಡವು. ಕ್ಯಾಟಲಾಗಿನ ಸಣ್ಣ ಅಕ್ಷರದಲ್ಲಿ ಚಿತ್ರದ ಸ್ಥಿತಿ ಹೇಗಿದೆ ಅಂತಲೂ ಇರುತ್ತದೆ, ಬೆಲೆಗೆ ಮೊದಲು ಅದನ್ನೂ ಓದಿ.

ಕೊನೆಗೆ ಮುಂದಿನ ಸಾಲಿನಲ್ಲಿ ಅಜ್ಜಿಯ ಜೊತೆ ಕೂತಿದ್ದ ಒಬ್ಬ ಹುಡುಗಿ ಕೇಳಿದಳು: ಅಂಕಲ್, ಅಷ್ಟೊಂದು ಊಟ ಆಮೇಲೆ ಯಾರು ತಿಂದ್ರು? ನಾನು ನಿಜ ಹೇಳಿದೆ. ಪುಟ್ಟಿ, ಆ ಊಟ ಒಂದು ದಿನವೂ ಒಂದೇ ಮೇಜಿನ ಮೇಲೆ ಇರಲಿಲ್ಲ. ಚೆರಿ ಬರುವ ಕಾಲಕ್ಕೆ ದ್ರಾಕ್ಷಿ ಇರುವುದಿಲ್ಲ. ಅವನು ಚೆರಿ ಬಂದಾಗ ಚೆರಿ ನೋಡಿಕೊಂಡ, ದ್ರಾಕ್ಷಿ ಬಂದಾಗ ದ್ರಾಕ್ಷಿ ನೋಡಿಕೊಂಡ, ಆಮೇಲೆ ಎಲ್ಲವನ್ನೂ ಕ್ಯಾನ್ವಾಸಿನ ಮೇಲೆ ತಂದು ಜೋಡಿಸಿದ. ಅವಳು ಸ್ವಲ್ಪ ಹೊತ್ತು ಪರದೆ ನೋಡಿದಳು. ಹಾಗಾದ್ರೆ ಅವನು ಒಂದು ವರ್ಷ ಕಾದಿದ್ದಾನೆ ಅಂದಳು.